ಕನ್ನಡಿಯ ಹಿಂದಿನ ಡಬ್ಬಿ

ಹೋದ ವಾರ ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಹೊಸ ಡ್ಯಾಶ್‌ಕ್ಯಾಮ್ ತಂದು ನನ್ನ ಮೇಜಿನ ಮೇಲಿಟ್ಟಳು. ವೈರು ಎಲ್ಲೂ ಕಣ್ಣಿಗೆ ಬೀಳಬಾರದು, ಅಂಗಡಿಯವರ ಮೇಲೆ ನಂಬಿಕೆಯಿಲ್ಲ, ನೀವೇ ಕೂರಿಸಿಕೊಡಬೇಕು ಎಂದು ಹಟ ಹಿಡಿದಳು. ಊಟದ ಬಿಡುವಿನಲ್ಲಿ ಪಾರ್ಕಿಂಗಿಗೆ ಹೋಗಿ, ಅವಳ ಕಾರಿನ ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಮೆಲ್ಲಗೆ ಎಬ್ಬಿದೆ. ಒಳಗಿನಿಂದ ಒಂದು ವಾಸನೆ ಬಂತು. ಬಿಸಿಲಿಗೆ ಬೆಂದ ಪ್ಲಾಸ್ಟಿಕ್ಕಿನದು, ಅದರ ಜೊತೆಗೆ ವೈರುಗಳಿಗೆ ಸುತ್ತುವ ಕಪ್ಪು ಬಟ್ಟೆ ಟೇಪಿನ ಅಂಟಿನದು. ಆ ಟೇಪನ್ನು ನಾನು ಫ್ಯಾಕ್ಟರಿಯಲ್ಲಿ ದಿನಾ ಮುಟ್ಟುತ್ತೇನೆ, ಅಲ್ಲಿ ಅದು ಬರೀ ಟೇಪು. ಆದರೆ ಬಾಗಿಲು ಹಾಕಿದ ಕಾರಿನೊಳಗೆ, ಆ ಬೆಚ್ಚಗಿನ ಗಾಳಿಯಲ್ಲಿ ಅದೇ ಅಂಟು ಮೂಗಿಗೆ ಬಡಿದದ್ದೇ ತಡ, ಕಾರ್ ಆಂಟಿ ನೆನಪಾದರು. ಕಿವಿ ಬಿಸಿಯಾಯಿತು. ಇಷ್ಟು ವರ್ಷವಾದರೂ ಹಾಗೇ ಆಗುತ್ತದೆ.

ದಿಲ್ಲಿಯ ಹತ್ತಿರ, ಮಾನೇಸರಿನ ಒಂದು ಕಂಪನಿಯಲ್ಲಿ ನನ್ನ ಕೆಲಸ. ಕಾರುಗಳ ಒಳಗೆ ಹಾಯುವ ವೈರಿನ ಕಟ್ಟುಗಳನ್ನು ನಾವು ತಯಾರು ಮಾಡುತ್ತೇವೆ. ಯಾವ ವೈರು ಎಲ್ಲಿಂದ ಹೊರಟು ಎಲ್ಲಿ ಬಾಗಿ ಎಲ್ಲಿ ಮುಟ್ಟಬೇಕು, ಎಲ್ಲಿ ಟೇಪು, ಎಲ್ಲಿ ಕ್ಲಿಪ್ಪು ಎಂದು ನೋಡುವವನು ನಾನು. ಹರಿಹರದಿಂದ ಬಂದವನು. ಓದು ಮುಗಿಸಿ ಇಲ್ಲಿಗೆ ಬಂದಾಗ ಹಿಂದಿಯಲ್ಲಿ ಹಾಲು ಕೇಳುವುದಕ್ಕೂ ತಡವರಿಸುತ್ತಿದ್ದೆ. ಆದರೆ ವೈರಿನ ವಿಷಯಕ್ಕೆ ಬಂದರೆ ನನಗಿಂತ ಬುದ್ಧಿವಂತ ಇನ್ನೊಬ್ಬನಿಲ್ಲ ಎಂಬ ಜಂಬ ಮಾತ್ರ ಆಗಲೇ ಇತ್ತು. ಆ ಜಂಬವೇ ನನ್ನನ್ನು ಹಾಳು ಮಾಡಿತು ಅಂದರೆ ತಪ್ಪು, ನನಗೇನೂ ಆಗಲಿಲ್ಲ. ಹಾಳಾದದ್ದು ಆಂಟಿಯ ಬದುಕು.

ಕಾರ್ ಆಂಟಿ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ನಾನು ಬರುವಷ್ಟರಲ್ಲೇ ದಿಲ್ಲಿಯ ಕನ್ನಡದ ಹುಡುಗ ಹುಡುಗಿಯರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ದಿಲ್ಲಿಯ ರೋಹಿಣಿ ಬಡಾವಣೆಯ ಒಂದು ಸೆಕ್ಟರಿನಲ್ಲಿ ಕೆಳಗಿನ ಮನೆ, ಗೇಟಿನ ಮುಂದೆ ಬಿಳಿ ಸಣ್ಣ ಕಾರು. ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾಗಿದ್ದರು. ಗಂಡ ಸರ್ಕಾರಿ ಕೆಲಸದಲ್ಲಿದ್ದವರು, ತೀರಿಕೊಂಡು ಕೆಲವು ವರ್ಷವಾಗಿತ್ತು. ಒಬ್ಬನೇ ಮಗ ಗುರುಗ್ರಾಮದಲ್ಲಿ ಹೆಂಡತಿಯೊಂದಿಗೆ ಇದ್ದ. ಆಂಟಿ ಮೈಸೂರು ಕಡೆಯವರು. ಹತ್ತಿಯ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಚಪ್ಪಲಿಯಲ್ಲಿ ಕ್ಲಚ್ಚು ಜಾರುತ್ತದಂತೆ. ಮದುವೆ ಮನೆಗೂ ರೇಷ್ಮೆ ಸೀರೆಯ ಕೆಳಗೆ ಅದೇ ಶೂ ಹಾಕಿಕೊಂಡು ಹೋಗುತ್ತಿದ್ದರು.

ಅವರು ಓಡಿಸುತ್ತಿದ್ದ ವೇಗ ನೆನೆದರೆ ಈಗಲೂ ಎಡಗಡೆ ಸೀಟಿನಲ್ಲಿ ಕೂತವನ ಹಾಗೆ ಕಾಲು ನೆಲಕ್ಕೆ ಒತ್ತಿಕೊಳ್ಳುತ್ತದೆ. ಹುಚ್ಚಾಟದ ಓಟವಲ್ಲ ಅದು. ಹಾರ್ನ್ ಹೊಡೆಯುತ್ತಿರಲಿಲ್ಲ, ಯಾರಿಗೂ ಬೈಯುತ್ತಿರಲಿಲ್ಲ, ಸಂದಿ ಕಂಡಲ್ಲಿ ಸುಮ್ಮನೆ ಹೊಕ್ಕು ಆಚೆ ಹೋಗಿಬಿಡುತ್ತಿದ್ದರು. ಮತ್ತೆ ಅವರು ಯಾವತ್ತೂ ತಮ್ಮ ಕೆಲಸಕ್ಕೆ ಅವಸರ ಮಾಡಿದವರಲ್ಲ. ಓಲ್ಡ್ ರಾಜಿಂದರ್ ನಗರದ ಬೆಂಕಿಪೊಟ್ಟಣದಂಥ ಕೋಣೆಗಳಲ್ಲಿ ಕೂತು ಐಎಎಸ್‌ಗೆ ಓದುವ ನಮ್ಮ ಹುಡುಗರು ಪರೀಕ್ಷೆಯ ದಿನ ಗುರುತಿನ ಚೀಟಿ ಮರೆತು ಹೊರಟುಬಿಡುತ್ತಿದ್ದರು. ಯಾರಿಗೋ ಡೆಂಗ್ಯೂ ಆಗುತ್ತಿತ್ತು. ಯಾರದೋ ಅಪ್ಪ ಅಮ್ಮ ಊರಿನಿಂದ ಬಂದು ಸ್ಟೇಷನ್ನಿನಲ್ಲಿ ದಿಕ್ಕು ತೋಚದೆ ನಿಂತಿರುತ್ತಿದ್ದರು. ಎಲ್ಲರಿಗೂ ಒಂದೇ ನಂಬರು ಗೊತ್ತು. ಫೋನು ಎತ್ತಿದ ಕೂಡಲೇ ಆಂಟಿ ಕೇಳುತ್ತಿದ್ದದ್ದೂ ಒಂದೇ ಮಾತು, ‘ಎಲ್ಲಿದೀಯಾ, ಗೇಟ್ ನಂಬರ್ ಹೇಳು.’

ಈಗ ಯೋಚಿಸಿದರೆ, ಅವರಿಗೂ ನಾವು ಬೇಕಿತ್ತು. ಒಂಟಿ ಮನೆ, ಟೀವಿ ನೋಡುವ ಅಭ್ಯಾಸವಿಲ್ಲ. ಯಾರೋ ಕರೆದರು ಎಂದರೆ ಮುಖ ಅರಳುತ್ತಿತ್ತು. ಶೂ ಹಾಕಿಕೊಳ್ಳುತ್ತಲೇ ಬೈಯುತ್ತಿದ್ದರು, ‘ಈ ಹುಡುಗ್ರಿಗೆ ಬುದ್ಧಿ ಯಾವಾಗ ಬರತ್ತೋ.’ ಆ ಬೈಗುಳದಲ್ಲಿದ್ದ ಸಂತೋಷವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಒಂದು ರಂಜಾನಿನ ಶನಿವಾರ. ಯಾರನ್ನೋ ವಿಮಾನಕ್ಕೆ ಹತ್ತಿಸಿ ನಾನೂ ಆಂಟಿಯೂ ವಾಪಸಾಗುತ್ತಿದ್ದೆವು. ದಾರಿಯಲ್ಲಿ ವಿಪರೀತ ಟ್ರಾಫಿಕ್ಕು. ನಾನು ಉಪವಾಸವಿದ್ದೆ. ಸೂರ್ಯ ಇಳಿಯುತ್ತಿದ್ದ. ನನ್ನ ಬ್ಯಾಗಿನಲ್ಲಿ ಖರ್ಜೂರ, ನೀರು ಎರಡೂ ಇದ್ದವು, ಹೊತ್ತಾದರೆ ಕಾರಿನಲ್ಲೇ ಉಪವಾಸ ಬಿಡುತ್ತೇನೆ, ಚಿಂತೆ ಬೇಡ ಎಂದೆ. ಆಂಟಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

‘ಕಾರಲ್ಲಿ ಕೂತು ಖರ್ಜೂರ ಚೀಪೋಕೆ ನೀನೇನು ಅನಾಥನಾ? ಮನೇಲಿ ಗಂಜಿ ಮಾಡಿಟ್ಟು ಬಂದಿದೀನಿ.’

ಗಂಜಿಯನ್ನು ನಮ್ಮಮ್ಮ ಹೇಗೆ ಮಾಡುತ್ತಾರೆ ಎಂದು ಹಿಂದಿನ ವಾರ ಮಾತಿಗೆ ಮಾತು ಬಂದು ಕೇಳಿದ್ದರು. ಮಾಂಸವೊಂದು ಬಿಟ್ಟು ಎಲ್ಲ ಹಾಗೇ ಮಾಡಿದ್ದರು, ಮೆಂತ್ಯವೂ ಸೇರಿ. ಟ್ರಾಫಿಕ್ಕು ಸಡಿಲವಾದ ಮೇಲೆ ಆ ಬಿಳಿ ಕಾರು ಹೋದ ಬಗೆಯನ್ನು ನಾನು ಹೇಳಲಾರೆ, ಅರ್ಧ ದಾರಿ ಕಣ್ಣು ಮುಚ್ಚಿಕೊಂಡಿದ್ದೆ. ನಾವು ಗೇಟಿನ ಮುಂದೆ ನಿಂತಾಗ ದೂರದಿಂದ ಆಜಾನಿನ ಮೊದಲ ಸ್ವರ ಕೇಳಿಸುತ್ತಿತ್ತು. ಗಂಜಿ ಇನ್ನೂ ಬಿಸಿಯಾಗಿತ್ತು…

ಮುಂದಿನ ವಾರ ಅತಿವೇಗದ ಚಲನ್ ಬಂತು. ರಸ್ತೆಯ ಕ್ಯಾಮೆರಾ ಫೋಟೋ ಹೊಡೆದರೆ ಚಲನ್ ಹೋಗುವುದು ಕಾರು ಯಾರ ಹೆಸರಿನಲ್ಲಿದೆಯೋ ಅವರ ಫೋನಿಗೆ. ಆ ಕಾರನ್ನು ಅಪ್ಪ ಹೋದ ಮೇಲೆ ಮಗ ಅಮ್ಮನಿಗೆಂದು ಕೊಂಡಿದ್ದ, ಹೆಸರು ಅವನದೇ. ಹೀಗಾಗಿ ಆಂಟಿ ನಮ್ಮ ಯಾರ ಸಲುವಾಗಿ ಎಲ್ಲಿ ಓಡಿದರೂ ಅದು ಮಗನ ಜೇಬಿನಲ್ಲಿ ಕಿಣಿಕಿಣಿ ಎನ್ನುತ್ತಿತ್ತು, ಹಲವು ಸಲ ಅವನು ಮೀಟಿಂಗಿನಲ್ಲಿದ್ದಾಗ. ಮಗ ಕೆಟ್ಟವನಲ್ಲ. ದಂಡ ಕಟ್ಟಿ ಸುಮ್ಮನಾಗುತ್ತಿದ್ದ, ಆದರೆ ಹೆದರುತ್ತಿದ್ದ. ಆ ಸಲ ಅವನು ಬಂದು ನಮ್ಮೆದುರಿಗೇ ಮೆತ್ತಗೆ ಹೇಳಿದ, ‘ಮಮ್ಮಿ, ಇನ್ನೊಂದು ಬಂದ್ರೆ ನಾನು ಗಾಡಿ ಬೇಚ್ ದೂಂಗಾ, ಮಾರಿಬಿಡ್ತೀನಿ. ಪಕ್ಕಾ.’ ದಿಲ್ಲಿಯಲ್ಲಿ ಬೆಳೆದ ಹುಡುಗ, ಅವನ ಕನ್ನಡ ಹಾಗೇ, ಅರ್ಧ ದಾರಿಗೆ ಹಿಂದಿ ಹತ್ತಿಕೊಳ್ಳುತ್ತಿತ್ತು. ಆಂಟಿ ‘ಅಚ್ಛಾ’ ಎಂದು ಒಳಗೆ ಹೋದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸ್ವಲ್ಪ ದಿನಕ್ಕೆ ನನಗೆ ಫೋನು ಬಂತು. ಭಾನುವಾರ ಬಾ, ನಿನ್ನ ಸಾಮಾನೆಲ್ಲ ತಗೊಂಡು ಬಾ ಎಂದರು. ಹೋದೆ. ಮೇಜಿನ ಮೇಲೆ ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಕಪ್ಪು ಡಬ್ಬಿ. ದುಬೈನಲ್ಲಿರುವ ತಂಗಿಯ ಮಗ ತಂದುಕೊಟ್ಟದ್ದಂತೆ. ರಡಾರ್ ಡಿಟೆಕ್ಟರ್. ಮುಂದೆಲ್ಲೋ ವೇಗ ಅಳೆಯುವ ಕ್ಯಾಮೆರಾ ಇದ್ದರೆ ಅದು ಬಿಡುವ ಅಲೆಯನ್ನು ಹಿಡಿದು ಇದು ಮೊದಲೇ ಬೀಪ್ ಎನ್ನುತ್ತದೆ. ಅದರ ವೈರು ಸಿಗರೇಟ್ ಲೈಟರಿನ ತೂತಿಗೆ ಚುಚ್ಚುವಂಥದ್ದು, ಮುಂದುಗಡೆಯೆಲ್ಲ ಜೋತಾಡುತ್ತದೆ.

‘ಇದು ಸರಿಯಾದ ವಸ್ತು ಅಲ್ಲ ಆಂಟಿ. ಪೊಲೀಸರು ನೋಡಿದ್ರೆ ಕಷ್ಟ’ ಎಂದೆ.

‘ಪೊಲೀಸರನ್ನ ನಾನು ನೋಡ್ಕೋತೀನಿ. ನನ್ನ ಮಗನ ಕಣ್ಣಿಗೆ ಬೀಳಬಾರದು, ಅಷ್ಟೇ.’

‘ನಿಧಾನಕ್ಕೆ ಓಡಿಸಿದ್ರೆ ಇದು ಬೇಕೇ ಆಗಲ್ಲವಲ್ಲ.’

‘ನಾನು ನಿಧಾನಕ್ಕೆ ಹೋದ್ರೆ ನಿಮ್ಮಗಳ ಟ್ರೇನು ನಿಂತು ಕಾಯತ್ತೇನೋ?’

ಡಬ್ಬಿ ಕೈಗೆತ್ತಿಕೊಂಡೆ. ನಿಜ ಹೇಳಿಬಿಡುತ್ತೇನೆ, ಕೈ ಕಡಿಯುತ್ತಿತ್ತು. ದಿನವಿಡೀ ಬೇರೆಯವರು ಬರೆದ ನಕ್ಷೆಯಂತೆ ವೈರು ಹಾಯಿಸುವ ನನಗೆ ಇಡೀ ಕಾರೇ ಕೈಗೆ ಸಿಕ್ಕಿತ್ತು. ಡಬ್ಬಿಯನ್ನು ಹಿನ್ನೋಟದ ಕನ್ನಡಿಯ ಹಿಂದೆ, ಓಡಿಸುವವರಿಗೂ ಕಾಣದ ಹಾಗೆ ಕೂರಿಸಿದೆ. ಲೈಟರಿನ ಪಿನ್ನು ಕತ್ತರಿಸಿ ಎಸೆದು, ಬರೀ ವೈರನ್ನು ಚಾವಣಿಯ ಬಟ್ಟೆಯ ಅಂಚಿಗೆ ತುರುಕಿ, ಕಂಬದ ಪಟ್ಟಿಯ ಒಳಗೆ ಇಳಿಸಿದೆ. ಅಲ್ಲಿ ಏರ್‌ಬ್ಯಾಗ್ ಮಡಿಸಿಟ್ಟಿರುತ್ತದೆ. ಅದರ ಮುಂದೆ ವೈರು ಹಾಯಿಸಿದರೆ ಅಪಘಾತದ ಹೊತ್ತಿಗೆ ಅದು ಸರಿಯಾಗಿ ಬಿಚ್ಚಿಕೊಳ್ಳದೆ ಜೀವಕ್ಕೇ ಕುತ್ತು. ಹಿಂದಿನಿಂದಲೇ ತಂದೆ. ಡ್ಯಾಶ್‌ಬೋರ್ಡಿನ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ, ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಜಾಗವನ್ನು ಮೀಟರ್ ಹಿಡಿದು ಹುಡುಕಿ, ಅದಕ್ಕೆ ಬೇರೆ ಫ್ಯೂಸು ಕೊಟ್ಟು ಜೋಡಿಸಿದೆ. ಅಲುಗಾಡಿ ಸದ್ದು ಮಾಡದಿರಲಿ ಎಂದು ಉದ್ದಕ್ಕೂ ಬಟ್ಟೆ ಟೇಪು ಸುತ್ತಿದೆ. ಕೆಲಸ ಮುಗಿದಾಗ ಕಾರು ಷೋರೂಮಿನಿಂದ ಬಂದ ಹಾಗೇ ಇತ್ತು. ಆಂಟಿ ಬಗ್ಗಿ ಬಗ್ಗಿ ನೋಡಿ, ‘ಭೇಷ್’ ಎಂದರು. ಮಕ್ಕಳ ಲೆಕ್ಕ ತಿದ್ದಿ ತಿದ್ದಿ ಜಿಪುಣತನ ಬಂದಿದ್ದ ಬಾಯಿ ಅದು, ಸುಲಭಕ್ಕೆ ಭೇಷ್ ಅನ್ನುತ್ತಿರಲಿಲ್ಲ. ನಾನು ಒಂದು ವಾರ ಉಬ್ಬಿಕೊಂಡೇ ಓಡಾಡಿದೆ.

ತಮಾಷೆಯೆಂದರೆ ಆ ಡಬ್ಬಿ ಬಂದ ಮೇಲೆ ಆಂಟಿಯ ವೇಗ ಇಳಿಯಿತು. ಅದು ಕ್ಯಾಮೆರಾಕ್ಕೊಂದೇ ಕೂಗುತ್ತಿರಲಿಲ್ಲ. ದೊಡ್ಡ ಅಂಗಡಿಗಳ ತಾನಾಗಿ ತೆರೆಯುವ ಬಾಗಿಲಿಗೆ ಕೂಗುತ್ತಿತ್ತು, ಪಕ್ಕದಲ್ಲಿ ದುಬಾರಿ ಕಾರು ಬಂದರೆ ಅದಕ್ಕೂ ಕೂಗುತ್ತಿತ್ತು. ನಿಜವಾದ ಕೂಗು ಯಾವುದು, ಸುಳ್ಳು ಕೂಗು ಯಾವುದು ಎಂದು ತಿಳಿಯದೆ ಆಂಟಿ ಎಲ್ಲದಕ್ಕೂ ಕಾಲು ಸಡಿಲಿಸುತ್ತಿದ್ದರು. ‘ನನ್ನ ಅತ್ತೆಯೂ ಇಷ್ಟು ಗೊಣಗಿರಲಿಲ್ಲ ಕಣೋ’ ಎಂದು ನಗುತ್ತಿದ್ದರು. ತಿಂಗಳುಗಟ್ಟಲೆ ಒಂದು ಚಲನ್ ಕೂಡ ಬರಲಿಲ್ಲ. ಮಗ ಸಂತೋಷಪಟ್ಟ, ಮಮ್ಮಿ ಸುಧಾರಿಸಿದ್ದಾರೆ ಎಂದು ಎಲ್ಲರ ಹತ್ತಿರ ಹೇಳಿಕೊಂಡ.

ಗಣೇಶನ ಹಬ್ಬ ಕಳೆದ ಭಾನುವಾರ ಆಂಟಿಯ ಮನೆಯಲ್ಲಿ ಊಟ. ಪ್ರತಿ ವರ್ಷದ ಪದ್ಧತಿ ಅದು. ನಮ್ಮ ಬಳಗವೆಲ್ಲ ಸೇರಿತ್ತು, ಮಗ ಸೊಸೆಯೂ ಬಂದಿದ್ದರು. ನಡುಮನೆಯಲ್ಲಿ ನೆಲದ ಮೇಲೆ ಸಾಲಾಗಿ ಕೂತು ಕೋಸಂಬರಿ ಮುಗಿಸುವ ಹೊತ್ತಿಗೆ ಮೊಸರು ಸಾಲದು ಎಂದು ಗೊತ್ತಾಯಿತು. ಮಗ ತರುತ್ತೇನೆ ಎಂದು ಎದ್ದ. ರೋಹಿಣಿಯ ಗಲ್ಲಿಗಳಲ್ಲಿ ಕಾರು ನಿಲ್ಲಿಸುವ ಚಂದ ಗೊತ್ತಲ್ಲ, ಅವನ ಕಾರಿನ ಮುಂದೆ ಹಿಂದೆ ಯಾರ್ಯಾರದೋ ನಿಂತು ಅದು ಹೊರಡುವಂತಿರಲಿಲ್ಲ. ಫ್ರಿಜ್ಜಿನ ಪಕ್ಕದ ಮೊಳೆಯಿಂದ ಅಮ್ಮನ ಕಾರಿನ ಕೀ ತಗೊಂಡು ಹೋದ. ಆಂಟಿ ಆಗ ಒಳಗೆ ಹೋಳಿಗೆ ಬಿಸಿ ಮಾಡುತ್ತಿದ್ದರು.

ಅವನು ಮೊಸರಿನ ಪೊಟ್ಟಣ ಹಿಡಿದು ವಾಪಸು ಬಂದಾಗ ನಾವು ಸಾರಿಗೆ ಬಂದಿದ್ದೆವು. ಬಾಗಿಲಲ್ಲೇ ನಿಂತು ಕೇಳಿದ, ‘ಮಮ್ಮಿ, ನಿಮ್ಮ ಗಾಡಿಲಿ ಏನೋ ಬೀಪ್ ಬೀಪ್ ಅಂತಿದೆ. ಹುಡುಕಿ ನೋಡಿದ್ರೆ ಶೀಶೇ ಕೇ ಪೀಛೇ, ಕನ್ನಡಿ ಹಿಂದೆ ಒಂದು ಡಬ್ಬಾ ಇದೆ. ಏನದು?’

ಆಂಟಿಯ ಕೈಯಲ್ಲಿ ಸಾರಿನ ಸೌಟಿತ್ತು. ಅದು ಒಂದಿಷ್ಟೂ ಅಲುಗಲಿಲ್ಲ. ‘ಅದಾ, ಸರ್ವಿಸಿಗೆ ಬಿಟ್ಟಾಗ ಮಾರ್ಕೆಟ್ಟಿನ ಭಯ್ಯಾ ಏನೋ ಹಾಕಿದ. ಹಿಂದೆ ಮುಂದೆ ಗಾಡಿ ಬಂದ್ರೆ ಕೂಗತ್ತಂತೆ. ನನಗೇನು ಗೊತ್ತಾಗತ್ತೆ ಅದೆಲ್ಲ’ ಎಂದರು.

ಅವನು ನಂಬಿದ. ದೇವರಾಣೆಗೂ ನಂಬಿದ. ಅಲ್ಲಿಗೆ ಮುಗಿದಿತ್ತು. ಮೊಸರನ್ನು ಹೆಂಡತಿಯ ಕೈಗೆ ಕೊಟ್ಟು, ಕೂರುತ್ತಾ, ಸುಮ್ಮನೆ ಮಾತಿಗೆ ಒಂದು ಮಾತು ಸೇರಿಸಿದ. ‘ಈ ಲೋಗ್ ಹೀಗೇ ಮಮ್ಮಿ. ಏನೋ ಜುಗಾಡ್ ವೈರಿಂಗ್ ಮಾಡಿರ್ತಾನೆ, ಶಾರ್ಟ್ ಆಗಿ ಬೆಂಕಿ ಹತ್ತತ್ತೆ. ನಾಳೆ ತೆಗೆಸ್ತೀನಿ.’

ಜುಗಾಡ್. ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಕಟ್ಟಿ ಹೇಗೋ ಕೆಲಸ ನಡೆಸುವುದಕ್ಕೆ ಇಲ್ಲಿನವರು ಹಾಗನ್ನುತ್ತಾರೆ. ಆ ಮಾತು ನನ್ನ ಕಿವಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ತುತ್ತು ಎಲೆಗಿಳಿಸಿದೆ.

‘ಜುಗಾಡ್ ಅಲ್ಲ ಅದು’ ಎಂದೆ. ‘ಬೇರೆ ಫ್ಯೂಸು ಕೊಟ್ಟಿದೆ. ಶಾರ್ಟ್ ಆದ್ರೆ ಅದೊಂದೇ ಹೋಗತ್ತೆ, ಗಾಡಿಗೇನೂ ಆಗಲ್ಲ. ಏರ್‌ಬ್ಯಾಗಿನ ಹಿಂದಿನಿಂದ ತಂದಿದೀನಿ. ಉದ್ದಕ್ಕೂ ಬಟ್ಟೆ ಟೇಪಿದೆ. ಬೇಕಾದ್ರೆ ಕಂಬದ ಪಟ್ಟಿ ತೆಗೆದು ನೋಡಿ, ಕಂಪನಿ ವೈರು ಯಾವುದು ನನ್ನ ವೈರು ಯಾವುದು ಗೊತ್ತಾದ್ರೆ ಹೇಳಿ.’

ಅಷ್ಟಕ್ಕೇ ನಿಲ್ಲಲಿಲ್ಲ ನಾನು. ಇದನ್ನು ಬರೆಯುವಾಗಲೂ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸುತ್ತದೆ. ‘ನಿಮ್ಮ ಕಣ್ಣಿಗೆ ಬೀಳದ ಹಾಗೆ ಕೂರಿಸೋದೇ ಕಷ್ಟ ಆಯ್ತು’ ಎಂದೂ ಸೇರಿಸಿದೆ. ನಗುತ್ತಾ ಹೇಳಿದೆ. ಯಾರಾದರೂ ಹೊಗಳುತ್ತಾರೆ ಎಂದು ಕಾದಿದ್ದೆನೋ ಏನೋ…

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಪ್ರೈಮರಿ ಶಾಲೆಯ ಗೋಡೆಯ ಮೇಲೆ ಬರೆದಿದ್ದರು. ದಿನಾ ಓದಿಕೊಂಡೇ ಒಳಗೆ ಹೋಗುತ್ತಿದ್ದೆ, ಏನು ಪ್ರಯೋಜನ. ನಡುಮನೆಯಲ್ಲಿ ಯಾರೋ ಕೆಮ್ಮಿದರು. ಮಗ ಅಮ್ಮನ ಮುಖ ನೋಡಿದ. ಆಂಟಿ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ ಅದರಲ್ಲಿ. ಲೆಕ್ಕವೆಲ್ಲ ಸರಿಯಾಗಿ ಬಿಡಿಸಿ ಕೊನೆಗೆ ಉತ್ತರ ತಪ್ಪು ಬರೆದ ಹುಡುಗನನ್ನು ನೋಡುವ ಹಾಗೆ ನೋಡಿದರು. ನಾನು ಆಗ ನಾಲಿಗೆ ಕಚ್ಚಿಕೊಂಡೆ.

ಮಗ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅಷ್ಟು ಜನರ ಮುಂದೆ ಮೆತ್ತಗೆ, ‘ಝೂಠ್ ಯಾಕೆ ಹೇಳಿದ್ರಿ ಮಮ್ಮಿ’ ಎಂದು ಕೇಳಿದ. ಅಷ್ಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಹೇಳಿಕೊಟ್ಟ ಹೆಂಗಸು, ಸೌಟು ಹಿಡಿದು ನಿಂತಲ್ಲೇ ನಿಂತರು. ಕುತ್ತಿಗೆಯ ತನಕ ಕೆಂಪಾಗಿದ್ದರು. ಆಮೇಲೆ ನನ್ನ ಕಡೆ ಬಗ್ಗಿ, ‘ಸಾರು ಹಾಕ್ಲೇನೋ ಇನ್ನೊಂದು ಸೌಟು’ ಎಂದರು. ಹಾಕಿದರು. ನಾನು ತಿಂದೆ.

ಆ ಕೀ ಮತ್ತೆ ಮೊಳೆಗೆ ಹೋಗಲಿಲ್ಲ. ಮಗ ಅದನ್ನು ಜೇಬಿಗೆ ಹಾಕಿಕೊಂಡು ಗುರುಗ್ರಾಮಕ್ಕೆ ಹೊರಟ. ಮುಂದಿನ ಭಾನುವಾರ ಡಬ್ಬಿಯನ್ನು ನಾನೇ ಬಿಚ್ಚಬೇಕಾಯಿತು, ಹಾಕಿದವರೇ ತೆಗೆಯಲಿ ಎಂದು ಅವನು ಯಾರದೋ ಕೈಯಲ್ಲಿ ಕೀ ಕೊಟ್ಟು ಹೇಳಿಕಳಿಸಿದ್ದ. ಆಂಟಿ ಗೇಟಿನ ಕಟ್ಟೆಯ ಮೇಲೆ ಕೂತಿದ್ದರು. ನಾನು ಹೇಗೋ ಕ್ಷಮೆಯ ಮಾತು ಶುರು ಮಾಡಿದೆ. ‘ಬಿಡೋ, ನಿನ್ನ ಕೆಲಸಕ್ಕೆ ಯಾರಾದ್ರೂ ಹೆಸರಿಟ್ರೆ ನಿನಗೆ ತಡೆಯಲ್ಲ. ನಾನೂ ಹಾಗೇ ಇದ್ದೆ’ ಎಂದರು. ಹಾಗೆಂದದ್ದು ನನ್ನನ್ನು ಸಮಾಧಾನ ಮಾಡುವುದಕ್ಕೋ, ನಿಜವಾಗಿಯೋ, ಇವತ್ತಿಗೂ ತಿಳಿಯದು. ಕಾರು ಆ ತಿಂಗಳೇ ಮಾರಿಹೋಯಿತು.

ನಮ್ಮ ಬಳಗಕ್ಕೆ ಇದು ವರ್ಷಗಟ್ಟಲೆ ನಗುವ ಕಥೆಯಾಯಿತು. ನನಗೆ ಫ್ಯೂಸ್ ಭಾಯಿ ಎಂದು ಹೆಸರು ಬಿತ್ತು. ಯಾರಾದರೂ ಗುಟ್ಟು ಹೇಳುವಾಗ ‘ಅವನ ಮುಂದೆ ಬೇಡ, ಟೇಪು ಸುತ್ತಿ ತೋರಿಸಿಬಿಡ್ತಾನೆ’ ಎಂದು ಕಾಲೆಳೆಯುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ, ನಗದಿದ್ದರೆ ಇನ್ನೂ ನಗುತ್ತಾರಲ್ಲ. ಆದರೆ ನಗುವವರು ಯಾರೂ ಒಂದನ್ನು ಗಮನಿಸಲಿಲ್ಲ. ಕಾರಿಲ್ಲದ ಕಾರ್ ಆಂಟಿಗೆ ಯಾರೂ ಫೋನು ಮಾಡುತ್ತಿರಲಿಲ್ಲ. ಸ್ಟೇಷನ್ನಿಗೆ ಹೋಗಲು ಆ್ಯಪಿನಲ್ಲಿ ಟ್ಯಾಕ್ಸಿ ಬರುತ್ತಿತ್ತು. ಆಂಟಿ ತಾವೇ ಒಂದೆರಡು ಸಲ ಫೋನು ಮಾಡಿ, ‘ಎಲ್ಲಿಗೂ ಹೋಗೋದಿಲ್ವೇನ್ರೋ ಯಾರೂ?’ ಎಂದು ಕೇಳಿದ್ದರು. ಕೊನೆಗೆ ರೋಹಿಣಿಯ ಮನೆ ಬಾಡಿಗೆಗೆ ಕೊಟ್ಟು ಮಗನ ಹತ್ತಿರ ಗುರುಗ್ರಾಮಕ್ಕೆ ಹೋದರು, ಲಿಫ್ಟಿನಲ್ಲಿ ಬಹಳ ಮೇಲಕ್ಕೆ ಹೋಗಬೇಕಾದ ಮನೆ.

ಕೆಲವು ವರ್ಷದ ಮೇಲೆ ನಾನೂ ಒಂದು ಕಾರು ಕೊಂಡೆ. ಈದ್ ಕಳೆದ ಭಾನುವಾರ ಶೀರ್ ಕುರ್ಮಾ ಡಬ್ಬಿಗೆ ಹಾಕಿಕೊಂಡು ಆಂಟಿಯನ್ನು ನೋಡಲು ಹೋದೆ. ಮಗ ಸೊಸೆ ಹೊರಗೆ ಹೋಗಿದ್ದರು. ಬಾಲ್ಕನಿಯಿಂದ ನನ್ನ ಕಾರು ತೋರಿಸಿದೆ. ‘ಚಲೋ, ಒಂದು ರೌಂಡ್ ಹಾಕಿಸು’ ಎಂದು ಎದ್ದರು. ಶೂ ಹಾಕಿಕೊಂಡರು. ಆ ಹಳೆಯ ಕ್ಯಾನ್ವಾಸ್ ಶೂಗಳು, ಒಗೆದು ಬಿಳಿಯಾಗಿದ್ದವು. ನಾನು ಅದನ್ನು ನೋಡಿದರೂ ಅರ್ಥ ಮಾಡಿಕೊಳ್ಳಲಿಲ್ಲ.

ಮಾನೇಸರ್ ದಾಟಿ ಒಳರಸ್ತೆಗೆ ಇಳಿದೆವು. ರಜೆಯ ದಿನ ಫ್ಯಾಕ್ಟರಿಗಳ ಹಿಂದಿನ ರಸ್ತೆಗಳಲ್ಲಿ ನಾಯಿಗಳೂ ಇರುವುದಿಲ್ಲ. ಅಗಲ, ನೇರ, ಖಾಲಿ. ಆಂಟಿ ಪಕ್ಕಕ್ಕೆ ನಿಲ್ಲಿಸು ಎಂದರು. ಪರ್ಸಿನಿಂದ ಡ್ರೈವಿಂಗ್ ಲೈಸೆನ್ಸ್ ತೆಗೆದು ನನ್ನ ಮುಂದೆ ಹಿಡಿದರು. ಹೊಸದಾಗಿ ಮಿರಮಿರ ಮಿಂಚುತ್ತಿತ್ತು. ಓಡಿಸಲು ಕಾರೇ ಇಲ್ಲದವರು ಕಚೇರಿಗೆ ಹೋಗಿ, ಸಾಲಿನಲ್ಲಿ ನಿಂತು, ಡಾಕ್ಟರ ಸರ್ಟಿಫಿಕೇಟ್ ತಂದು ಅದನ್ನು ನವೀಕರಿಸಿಕೊಂಡಿದ್ದರು.

‘ಆ ಮರದ ತನಕ ಸಾಕು. ಎರಡನೇ ಗೇರಲ್ಲೇ ಹೋಗ್ತೀನಿ’ ಎಂದರು.

ಅವರು ಹಾಗೆ ಕೇಳಬಾರದಿತ್ತು. ನನ್ನಂಥವನ ಹತ್ತಿರ ಎರಡನೇ ಗೇರಿಗೆ ಇಳಿದು ಕೇಳಬಾರದಿತ್ತು. ನಾನು ಏನೇನೋ ಹೇಳಿದೆ. ಇನ್ಶೂರೆನ್ಸ್ ಅಂದೆ, ನಿಮ್ಮ ಮಗನಿಗೆ ಗೊತ್ತಾದರೆ ಅಂದೆ, ಬಹಳ ದಿನ ಆಯ್ತಲ್ಲ ಅಭ್ಯಾಸ ತಪ್ಪಿರತ್ತೆ ಅಂದೆ. ಇನ್ನೊಂದು ದಿನ ಖಂಡಿತ ಅಂದೆ. ಅದೆಲ್ಲ ಬರೀ ಬಾಯಿಮಾತು. ಕಾರು ಹೊಸದು, ಎಲ್ಲಾದರೂ ಗೀರು ಬಿದ್ದೀತು ಎಂಬ ಭಯ ನನಗೆ, ಅಷ್ಟೇ. ನನ್ನ ಗಂಜಿ ಆರಬಾರದೆಂದು ಇಡೀ ದಿಲ್ಲಿಯನ್ನು ಸೀಳಿಕೊಂಡು ಬಂದವರಿಗೆ ಆ ಮರದ ತನಕ ನನ್ನ ಕಾರು ಕೊಡಲಿಲ್ಲ.

ಆಂಟಿ ಲೈಸೆನ್ಸನ್ನು ಪರ್ಸಿನಲ್ಲಿಟ್ಟರು. ‘ಅಚ್ಛಾ. ನೀನೂ ನನ್ನ ಮಗನೇ ಆಗ್ಬಿಟ್ಟೆ’ ಎಂದು ನಕ್ಕರು. ವಾಪಸು ಬರುವಾಗ ಶೀರ್ ಕುರ್ಮಾಕ್ಕೆ ಗೋಡಂಬಿ ಜಾಸ್ತಿಯಾಗಿದೆ, ನಿಮ್ಮಮ್ಮ ಇಷ್ಟು ಹಾಕ್ತಾರಾ ಎಂದೆಲ್ಲ ಕೇಳುತ್ತಿದ್ದರು. ಇನ್ನೊಂದು ದಿನ ಎಂದಿದ್ದೆನಲ್ಲ, ಆ ದಿನವನ್ನು ಅವರು ಕೇಳಲಿಲ್ಲ, ನಾನೂ ಕರೆಯಲಿಲ್ಲ. ಫ್ಯಾಕ್ಟರಿಯಿಂದ ಅವರ ಮನೆ ನನ್ನ ದಾರಿಯಲ್ಲೇ ಇತ್ತು…

ಹೋದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಎದೆಯ ಸೋಂಕು ಅಂದರು. ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ, ಬಳಗದ ಗ್ರೂಪಿನಲ್ಲಿ. ಮನೆಗೆ ಹೋದೆ. ಮಗ ಬಾಗಿಲು ತೆಗೆದು ನನ್ನ ಎರಡೂ ಕೈ ಹಿಡಿದುಕೊಂಡ. ಆ ಊಟದ ದಿನದ ನಂತರ ನಾವಿಬ್ಬರೂ ಎದುರುಬದುರು ಕೂತದ್ದೇ ಇರಲಿಲ್ಲ. ಏನಾದರೂ ಅಂದಾನು ಎಂದು ತಲೆ ತಗ್ಗಿಸಿ ಕೂತೆ.

‘ಮಮ್ಮಿ ಎಲ್ಲಾ ಹೇಳಿದ್ರು’ ಎಂದ. ‘ಆ ಈದ್ ಟೈಮಲ್ಲಿ ನೀವು ಅವರಿಗೆ ಗಾಡಿ ಕೊಟ್ರಂತೆ. ಮಾನೇಸರ್ ಕೇ ಆಗೇ, ಖಾಲಿ ರೋಡಲ್ಲಿ. ನಾಲ್ಕನೇ ಗೇರ್ ತನಕ ಹೋದ್ರಂತೆ. ಬಹುತ್ ಖುಷ್ ಥೀ, ಎಷ್ಟೋ ದಿನ ಅದನ್ನೇ ಹೇಳೋರು. ನಾನು ಕೊಡ್ಲಿಲ್ಲ ಭಾಯಿ. ಡರ್ ಲಗ್‌ತಾ ಥಾ, ಏನಾದ್ರೂ ಆಗತ್ತೆ ಅಂತ. ನೀವು ಕೊಟ್ರಿ.’

ಆಂಟಿ ಯಾಕೆ ಹಾಗೆ ಹೇಳಿದರು? ಮಗನನ್ನು ಚುಚ್ಚುವುದಕ್ಕಾ, ನನ್ನ ಮಾನ ಉಳಿಸುವುದಕ್ಕಾ, ಇಲ್ಲ ಕೇಳಿಯೂ ಸಿಗಲಿಲ್ಲ ಎಂದು ಸೊಸೆಯ ಮುಂದೆ ಹೇಳಿಕೊಳ್ಳಲಾರದೆಯಾ? ಮೊದಲ ಸಲ ಅವರ ಸುಳ್ಳನ್ನು ತಿದ್ದಲು ಎಷ್ಟು ಆತುರ ನನಗೆ. ಈ ಸಲ ಬಾಯಿ ತೆರೆದರೆ ಉಳಿದಿರುವ ಅಷ್ಟನ್ನೂ ಅವರಿಂದ ಕಿತ್ತುಕೊಂಡ ಹಾಗೆ. ತೆರೆಯದಿದ್ದರೆ ಆ ಕೃತಜ್ಞತೆಯನ್ನೆಲ್ಲ ನಾನು ನುಂಗಿಕೊಳ್ಳಬೇಕು.

‘ಚೆನ್ನಾಗಿ ಓಡಿಸಿದ್ರಾ?’ ಎಂದು ಮಗ ಕೇಳಿದ.

‘ತುಂಬಾ ಚೆನ್ನಾಗಿ ಓಡಿಸಿದ್ರು’ ಎಂದೆ.

ಈಗ ಆಂಟಿ ಇಲ್ಲ. ‘ಎಲ್ಲಿದೀಯಾ, ಗೇಟ್ ನಂಬರ್ ಹೇಳು’ ಎಂದು ಈ ಊರಿನಲ್ಲಿ ನನ್ನನ್ನು ಕೇಳುವವರು ಯಾರೂ ಇಲ್ಲ. ಮಗ ಮಾತ್ರ ಸಂಪರ್ಕ ಬಿಟ್ಟಿಲ್ಲ. ಈ ಸಲ ಈದ್ ದಿನ ಬೆಳಿಗ್ಗೆಯೇ ಅವನ ಮೆಸೇಜು ಬಂತು. ಹಬ್ಬದ ಶುಭಾಶಯ ಹೇಳಿ, ಮಮ್ಮಿಗೆ ಕೊನೇ ಸಲ ಸ್ಟೇರಿಂಗ್ ಕೊಟ್ಟಿದ್ದಕ್ಕೆ ನಮ್ಮ ಮನೆಯವರೆಲ್ಲರ ಪರವಾಗಿ ಇನ್ನೊಮ್ಮೆ ಥ್ಯಾಂಕ್ಸ್ ಎಂದು ಬರೆದಿದ್ದ. ನಾನು ಏನೇನೋ ಬರೆದು ಅಳಿಸಿ, ಪರವಾಗಿಲ್ಲ ಎಂದು ಉತ್ತರ ಕಳಿಸಿದೆ.